ಕರಾವಳಿಯಲ್ಲಿ ಅವರೆ, ಅಲಸಂದೆ ತಳಿಗಳ ಬೀಜವನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವುದು ಹೇಗೆ?

ಕಾರವಾರದ ಹಿತ್ತಲಲ್ಲಿ ಹತ್ತಾರು ಬಗೆಯ ಅವರೆ, ಅಲಸಂದೆ ಬೆಳೆಸುತ್ತೀರಿ. ಆದರೆ ಮರುವರ್ಷ ಡಬ್ಬಿ ತೆಗೆದರೆ ಅರ್ಧ ಹುಳು ತಿಂದಿರುತ್ತದೆ, ಉಳಿದದ್ದು ಹುಟ್ಟುವುದಿಲ್ಲ, ತಳಿಯೂ ಬೆರಕೆಯಾಗುತ್ತಿದೆ ಎಂದು ಕೇಳಿದ್ದೀರಿ.

ಬಿತ್ತುವ ದಿನದಿಂದಲೇ ಶುರುಮಾಡಿ. ಪಲ್ಯಕ್ಕೆ ಬೆಳೆಯುವಾಗ ಮಳೆ ನೋಡಿ ಬಿತ್ತಿದರೆ ಸಾಕು. ಬೀಜಕ್ಕಾದರೆ ಕಾಯಿ ಒಣಗಬೇಕಾದ ದಿನದಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಕರಾವಳಿಯಲ್ಲಿ ಗಾಳಿ ಸ್ವಲ್ಪ ಒಣಗಿರುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಅಲಸಂದೆ ಬಿತ್ತಿ 80–90 ದಿನಕ್ಕೆ ಒಣಕಾಯಿ ಕೊಡುತ್ತದೆ, ಹಾಗಾಗಿ ಅಕ್ಟೋಬರ್ ಮಧ್ಯದಲ್ಲಿ ಬಿತ್ತಿ. ಜೂನ್‌ನಲ್ಲಿ ಹಾಕಿದ್ದು ಮಳೆಯಲ್ಲೇ ಬಲಿತು ಕಾಯಿಯೊಳಗೇ ಬೂಸು ಹಿಡಿಯುತ್ತದೆ ಅಥವಾ ಮೊಳೆಯುತ್ತದೆ. ಅದನ್ನು ಕಾಯಿ ಎಳೆಯದಾಗಿರುವಾಗಲೇ ಅಡುಗೆಗೆ ಕೊಯ್ದುಬಿಡಿ. ಊರಿನ ಚಪ್ಪರದ ಅವರೆಗೂ, ನಾಲ್ಕು ಅಂಚಿನ ರೆಕ್ಕೆ ಅವರೆಗೂ ಈ ತೊಂದರೆ ಕಡಿಮೆ. ಹಗಲು ಚಿಕ್ಕದಾದ ಮೇಲೆಯೇ ಅವು ಹೂ ಬಿಡುವುದರಿಂದ ಜೂನ್–ಜುಲೈನಲ್ಲಿ ಹಾಕಿದರೂ ಬೀಜ ಬಲಿಯುವುದು ಚಳಿಗಾಲದಲ್ಲೇ. ರೆಕ್ಕೆ ಅವರೆಯ ಸಿಪ್ಪೆ ಗಟ್ಟಿ. ಬೀಜದ ಕಣ್ಣಿನ ಎದುರು ಬದಿಯನ್ನು ಉಗುರುಕತ್ತರಿಯಿಂದ ಸ್ವಲ್ಪವೇ ಚಿವುಟಿ, ರಾತ್ರಿಯಿಡೀ ನೆನೆಸಿ ಊರಿ. ಬೀನ್ಸ್ ಮಾತ್ರ ಕಾರವಾರದ ಸೆಕೆಗೆ ಹೂ ಉದುರಿಸುತ್ತದೆ. ನವೆಂಬರ್‌ನಲ್ಲಿ ಒಂದು ಸಾಲು ಹಾಕಿ ನೋಡಬಹುದು, ಆದರೆ ಆ ತಳಿಗಳನ್ನು ಘಟ್ಟದ ಮೇಲೆ ಶಿರಸಿ ಕಡೆಯ ನೆಂಟರ ಹಿತ್ತಲಲ್ಲಿ ಬೆಳೆಸುವುದೇ ಒಳ್ಳೆಯದು.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಗುಂಡಿಗೊಂದು ಹಿಡಿ ಒಲೆಬೂದಿ ಹಾಕಿ. ಸಗಣಿಗೊಬ್ಬರ ಅತಿಯಾದರೆ ಬಳ್ಳಿ ಸೊಪ್ಪೇ ಸೊಪ್ಪಾಗಿ ಕಾಯಿ ತಡವಾಗುತ್ತದೆ.

ಬೆರಕೆಯ ವಿಷಯಕ್ಕೆ ಬರೋಣ. ಎಲ್ಲ ಕಾಳುಗಳೂ ಒಂದೇ ರೀತಿ ಬೆರೆಯುವುದಿಲ್ಲ. ಅಲಸಂದೆಯ ಹೂ ಅರಳುವ ಹೊತ್ತಿಗೇ ತನ್ನ ಪರಾಗದಿಂದ ಕಟ್ಟಿಕೊಂಡಿರುತ್ತದೆ, ಎರಡು ತಳಿಗಳ ನಡುವೆ ಏಳೆಂಟು ಮೀಟರ್ ಬಿಟ್ಟರೆ ಮನೆಮಟ್ಟಕ್ಕೆ ಸಾಕು. ಅವರೆಗೆ ದುಂಬಿ, ಜೇನು ಹೆಚ್ಚು ಬರುತ್ತವೆ. ತೊಗರಿ ಎಲ್ಲಕ್ಕಿಂತ ಹೆಚ್ಚು ಬೆರೆಯುತ್ತದೆ, ಎರಡು ತೊಗರಿ ತಳಿಗಳನ್ನು ಒಂದೇ ಹಿತ್ತಲಲ್ಲಿ ಒಂದೇ ವರ್ಷ ಬೀಜಕ್ಕೆ ಬಿಡಲೇಬೇಡಿ. ಅವರೆಗಾದರೆ ಅರಳುವ ಮೊದಲೇ ಹೂಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಬೆರಳುದ್ದ ಆದಾಗ ಚೀಲ ತೆಗೆದು ಬಣ್ಣದ ದಾರ ಕಟ್ಟಿ. ದಾರ ಇದ್ದ ಕಾಯಿ ಮಾತ್ರ ಬೀಜಕ್ಕೆ.

ಇಲ್ಲಿ ಹೆಚ್ಚಿನವರು ತಪ್ಪುವುದೊಂದಿದೆ. ಬೀಜದ ಸಿಪ್ಪೆ ತಾಯಿಗಿಡದ್ದು. ಈ ವರ್ಷ ಬೆರೆತ ಬೀಜ ನೋಡಲು ಅಪ್ಪಟ ತಳಿಯಂತೆಯೇ ಇರುತ್ತದೆ. ಮರುವರ್ಷ ಅದರಿಂದ ಬಂದ ಗಿಡದ ಹೂ, ಕಾಯಿ, ಕಾಳು ಬೇರೆಯಾದಾಗಲೇ ಗೊತ್ತಾಗುವುದು. ಆದ್ದರಿಂದ ಮೊರದಲ್ಲಿ ಕಾಳು ಆರಿಸಿದರೆ ಸಾಲದು, ಸಾಲಿನಲ್ಲಿ ಗಿಡ ಆರಿಸಬೇಕು. ಹೂ ಬಂದಾಗ ಒಮ್ಮೆ, ಕಾಯಿ ಬಂದಾಗ ಒಮ್ಮೆ ನೋಡಿ, ಬೇರೆ ಕಂಡ ಬಳ್ಳಿಯನ್ನು ಬೀಜದಿಂದ ಹೊರಗಿಡಿ. ಎಲೆ ಮುದುಡಿ ಹಳದಿ-ಹಸಿರು ಮಚ್ಚೆಯಾದ ಗಿಡ ಕಂಡರೆ ಕಿತ್ತೇಬಿಡಿ, ಅಲಸಂದೆಯ ಕೆಲವು ನಂಜುರೋಗಗಳು ಬೀಜದಲ್ಲೇ ಬರುತ್ತವೆ. ಒಂದು ತಳಿಗೆ ಕನಿಷ್ಠ 15–20 ಗಿಡಗಳ ಬೀಜ ಸೇರಿಸಿಡಿ. ಎರಡೇ ಬಳ್ಳಿಯಿಂದ ತೆಗೆದರೆ ಊರಿನ ತಳಿಯಲ್ಲಿರುವ ವೈವಿಧ್ಯ ಸದ್ದಿಲ್ಲದೆ ಹೋಗುತ್ತದೆ.

ಹುಳು ಡಬ್ಬಿಯಲ್ಲಿ ಹುಟ್ಟುವುದಲ್ಲ, ಎಷ್ಟೋ ಸಲ ಗಿಡದಿಂದಲೇ ಬರುತ್ತದೆ. ಕಾಳನ್ನು ಬೆಳಕಿಗೆ ಹಿಡಿದರೆ ಸಿಪ್ಪೆಯ ಮೇಲೆ ಉಪ್ಪಿನ ಹರಳಿಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿರುತ್ತದೆ, ಅದೇ ಮೊಟ್ಟೆ. ಮರಿ ನೇರ ಕಾಳಿನೊಳಗೇ ಕೊರೆದು ಹೋಗಿ, ಸುಮಾರು ಒಂದು ತಿಂಗಳಿಗೆ ದುಂಡನೆಯ ತೂತು ಮಾಡಿ ಹೊರಬರುತ್ತದೆ. ಕಾಯಿ ಬಳ್ಳಿಯಲ್ಲೇ ಗಲಗಲ ಎನ್ನುವವರೆಗೆ ಕಾಯದೆ, ಹಳದಿಯಾಗಿ ಸುಕ್ಕುಗಟ್ಟಿದ ಕೂಡಲೇ ಕೊಯ್ದು ಒಳಗೆ ಒಣಗಿಸಿ. ಬಿಡಿಸಿದ ಕಾಳನ್ನು ಸಿಮೆಂಟು ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಹರಡಬೇಡಿ, ಮೊಳೆಯುವ ಶಕ್ತಿ ಸಾಯುತ್ತದೆ. ಚಾಪೆಯ ಮೇಲೆ ಬೆಳಗಿನ ಬಿಸಿಲು ಸಾಕು.

ಆಮೇಲೂ ಕಡಲಗಾಳಿಯ ತೇವ ಉಳಿದೇ ಇರುತ್ತದೆ. ಬೀಜದಷ್ಟೇ ತೂಕದ, ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ, ಬೀಜದೊಂದಿಗೆ ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಂದು ವಾರ ಇಡಿ. ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಅದಿಲ್ಲದಿದ್ದರೆ ಬೀಜದ ಎರಡು ಪಟ್ಟು ಅಕ್ಕಿಯನ್ನು ಹುರಿದು, ಮುಚ್ಚಿಟ್ಟು ಆರಿಸಿ, ಬಟ್ಟೆಯಲ್ಲಿ ಕಟ್ಟಿಡಿ. ಒಣಗಿದ ಗುರುತು ಹೀಗೆ: ಒಂದು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಚೂರಾಗಿ ಸಿಡಿಯಬೇಕು. ಚಪ್ಪಟೆಯಾದರೆ ಇನ್ನೂ ತೇವ ಇದೆ. ಸಿಡಿಯುವ ಬೀಜವನ್ನು ಬಾಟಲಿ ಸಮೇತ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಒಳಗಿನ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ತೇವದ ಬೀಜ ಇಟ್ಟರೆ ಬೀಜವೇ ಸಾಯುತ್ತದೆ. ಹೊರತೆಗೆದ ಮೇಲೆ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ತಣ್ಣನೆಯ ಕಾಳಿನ ಮೇಲೆ ನೀರು ಕೂರುತ್ತದೆ.

ಚೀಟಿಯಲ್ಲಿ ತಳಿಯ ಹೆಸರು, ತಂದ ಊರು, ಕೊಯ್ದ ತಿಂಗಳು-ವರ್ಷ, ಹೂವಿನ ಬಣ್ಣ ಬರೆದು ಬಾಟಲಿಯ ಒಳಗೇ ಹಾಕಿ. ಪ್ರತಿ ತಳಿಯದ್ದೂ ಒಂದು ಪಾಲು ಬೇರೆ ಮನೆಯಲ್ಲಿರಲಿ. ಹೊಸ ತಳಿ ಬೇಕಿದ್ದರೆ ಶಿರಸಿಯಲ್ಲಿ ಊರಿನ ಬೀಜ ಉಳಿಸುವ ಮಹಿಳೆಯರ ವನಸ್ತ್ರೀ ಬಳಗದವರು ನಡೆಸುವ ಮಲೆನಾಡ ಮೇಳಕ್ಕೆ ಹೋಗಿ ಬನ್ನಿ, ಬೀಜದ ಜತೆ ಅದನ್ನು ಬೆಳೆದವರೂ ಸಿಗುತ್ತಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ತಳಿಗೆ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ ಏಳಕ್ಕಿಂತ ಕಡಿಮೆ ಮೊಳೆತರೆ ಆ ತಳಿಗೆ ಈ ಸಲದ ಸಾಲು ಮೊದಲು ಕೊಡಿ.