ಐಸಿಯುನಲ್ಲಿ ತೀವ್ರ ಸೆಪ್ಸಿಸ್ ಎಷ್ಟು ಸಾಮಾನ್ಯ? ಎಷ್ಟು ಜನ ಬದುಕುಳಿಯುತ್ತಾರೆ?

ತುಂಬಾ ಸಾಮಾನ್ಯ. ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ತನ್ನದೇ ಅಂಗಗಳಿಗೆ ಹಾನಿ ಮಾಡಿಕೊಳ್ಳುವ ಸ್ಥಿತಿ. ಭಾರತದ 35 ಐಸಿಯುಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿದ್ದ ವಯಸ್ಕ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೆಪ್ಸಿಸ್ ಇತ್ತು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನ 30 ದಿನಗಳೊಳಗೆ ತೀರಿಕೊಂಡರು.

ಆದರೆ ಈ ಪ್ರಮಾಣ ಹಣೆಬರಹವಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 171 ಐಸಿಯುಗಳ ದಾಖಲೆ ನೋಡಿ: 2000ರಲ್ಲಿ ತೀವ್ರ ಸೆಪ್ಸಿಸ್ ಆದವರಲ್ಲಿ ಶೇ. 35ರಷ್ಟು ಜನ ಆಸ್ಪತ್ರೆಯಲ್ಲೇ ಸಾಯುತ್ತಿದ್ದರು. 2012ರ ಹೊತ್ತಿಗೆ ಅದು ಶೇ. 18.4ಕ್ಕೆ ಇಳಿದಿತ್ತು. ಹನ್ನೆರಡೇ ವರ್ಷಗಳಲ್ಲಿ ಸುಮಾರು ಅರ್ಧ! ನನಗಂತೂ ಇದು ಬಹಳ ಭರವಸೆ ಕೊಡುವ ಅಂಕಿ.

ಸೆಪ್ಟಿಕ್ ಶಾಕ್ ಮಾತ್ರ ಬೇರೆಯೇ ಹಂತ. ದ್ರವ ಕೊಟ್ಟರೂ ರಕ್ತದೊತ್ತಡ ಏರದೆ, ಅದನ್ನು ಔಷಧಿಯಿಂದಲೇ ಹಿಡಿದಿಡಬೇಕಾಗುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ (ಜೀವಕೋಶಗಳು ಸಂಕಷ್ಟದಲ್ಲಿರುವುದನ್ನು ಸೂಚಿಸುವ ವಸ್ತು) ಹೆಚ್ಚಿರುತ್ತದೆ. ಇಲ್ಲಿ ಸಾವಿನ ಪ್ರಮಾಣ ಶೇ. 40 ದಾಟುತ್ತದೆ. ಸರಿಯಾದ ಆಂಟಿಬಯೋಟಿಕ್ ತಡವಾದ ಪ್ರತಿ ಗಂಟೆಯೂ ದುಬಾರಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮಲ್ಲಿ ಹೆಚ್ಚಿರುವುದರಿಂದ ಮೊದಲ ಆಯ್ಕೆಯೇ ಕೈಕೊಡಬಹುದು.

ಜ್ವರ ಅಥವಾ ಸೋಂಕು ಇರುವವರು ಗಲಿಬಿಲಿಗೊಂಡರೆ, ಉಸಿರಾಟ ವೇಗವಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.