ಲಕೋಟೆಯ ಮೇಲಿನ ರೊಟ್ಟಿ

ಈ ಸಲ ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದ ಓದುಗರು ಕ್ಷಮಿಸಬೇಕು.

ಪತ್ರ ಬಂದಿರುವುದು ಗದಗ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿಯಿಂದ. ಹೆಸರು ಹಾಕಬೇಡಿ ಎಂದಿದ್ದಾಳೆ. ಆರು ಪುಟದ ಪತ್ರದ ಸಾರ ಇಷ್ಟು. ಅವಳು ದೃಶ್ಯಕಲಾ ಪದವಿಯ ಮೂರನೇ ವರ್ಷದಲ್ಲಿದ್ದಾಳೆ, ಪೇಂಟಿಂಗ್ ವಿಭಾಗ. ಅಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಈಗ ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುತ್ತಾರೆ. 'ನನ್ನಂಗ ಆಗಬ್ಯಾಡ' ಎಂದು ದಿನಾ ಹೇಳುತ್ತಾರೆ. ವರ್ಷದ ಕೊನೆಯ ಪ್ರದರ್ಶನದಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಇವಳ ಚಿತ್ರಗಳ ಮುಂದೆ ಒಂದು ನಿಮಿಷ ನಿಂತರು. 'ಇದು ಪೇಂಟಿಂಗ್ ಅಲ್ಲ, ಇಲಸ್ಟ್ರೇಷನ್' ಎಂದರು, ಅಂದರೆ ಕಥೆಯ ಜೊತೆ ಹಾಕುವಂಥ ಚಿತ್ರ. ಮುಂದೆ ಹೋದರು. ಅವತ್ತಿನಿಂದ ಇವಳು ಬ್ರಷ್ ಮುಟ್ಟಿಲ್ಲ. ಮೊಬೈಲಿನಲ್ಲಿ ನಾಲ್ಕು ಮಾತು ಟೈಪ್ ಮಾಡಿದರೆ ಚಿತ್ರ ಬರುವ ಕಾಲ ಇದು, ನನ್ನ ಕೈಯಿಂದ ಯಾರಿಗೆ ಏನಾಗಬೇಕಿದೆ ಎಂದು ಕೇಳುತ್ತಾಳೆ. ಕಾಲೇಜು ಬಿಟ್ಟು ಸರ್ಕಾರಿ ಗುಮಾಸ್ತೆ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದಲೋ, ಇಲ್ಲ ಡಿಗ್ರಿ ಮುಗಿಸಲೋ? ಮುಗಿಸಿದರೆ ಮುಂದೇನು? ಕೊನೆಯಲ್ಲಿ, 'ನನಗೆ ನೀವು ಅನ್ನಬೇಡಿ ಸರ್, ಮಗಳಿಗೆ ಹೇಳಿದ ಹಾಗೆ ಹೇಳಿ' ಎಂದು ಬರೆದಿದ್ದಾಳೆ.

ಪ್ರೀತಿಯ ಮಗಳೇ,

ನಿನ್ನ ಪತ್ರ ಓದುವ ಮೊದಲು ನಾನು ನೋಡಿದ್ದು ನಿನ್ನ ಲಕೋಟೆ. ಟಪಾಲು ಬಿಡಿಸುವ ನಮ್ಮ ಸಹೋದ್ಯೋಗಿ ಅದನ್ನು ಒಡೆಯದೇ ಹಾಗೇ ತಂದು ನನ್ನ ಮೇಜಿನ ಮೇಲಿಟ್ಟರು. 'ಇದನ್ನ ಕತ್ತರಿಸೋಕೆ ಮನಸ್ಸು ಬರಲಿಲ್ಲ, ನೋಡಿ' ಎಂದರು.

ಎಡಗಡೆ ಮೂಲೆಯಲ್ಲಿ ಬಾಲ್ ಪೆನ್ನಿನ ಒಂದು ಚಿತ್ರ. ಅಂಗೈಗಿಂತ ಚಿಕ್ಕದು. ಒಲೆ ಮುಂದೆ ಒಬ್ಬ ಹೆಂಗಸು ಕೂತಿದ್ದಾಳೆ. ಹಂಚಿನ ಮೇಲೆ ಜೋಳದ ರೊಟ್ಟಿ. ಅವಳ ಬಲಗೈಯಲ್ಲಿ ಒಂದು ಚೂರು ಒದ್ದೆ ಬಟ್ಟೆ, ಅದರಿಂದ ರೊಟ್ಟಿಯ ಮೈಗೆ ನೀರು ಸವರುತ್ತಿದ್ದಾಳೆ. ಪಕ್ಕದಲ್ಲಿ ನೀರಿನ ಬಟ್ಟಲು. ಎಡಗೈಯಲ್ಲಿ ಸೆರಗನ್ನು ಹಿಂದಕ್ಕೆ ಒತ್ತಿ ಹಿಡಿದಿದ್ದಾಳೆ, ಒಲೆಗೆ ತಾಗಬಾರದು ಅಂತ. ಇನ್ನು ವಿಳಾಸ. 'ಪತ್ರಿಕೆ' ಎಂಬ ಪದದಲ್ಲಿ 'ತ್ರಿ'ಯ ಒತ್ತನ್ನು ಒಂದೇ ಏಟಿಗೆ ಎಳೆದಿದ್ದೀಯ, ತುದಿ ಚೂಪಾಗಿ, ಬೋರ್ಡ್ ಬರೆಯುವವರು ಎಳೆಯುವ ಹಾಗೆ. ತಲೆಕಟ್ಟುಗಳೆಲ್ಲ ದಾರ ಹಿಡಿದಂತೆ ಒಂದೇ ಸಾಲಿನಲ್ಲಿವೆ.

ಬ್ರಷ್ ಮುಟ್ಟಿಲ್ಲ ಎಂದು ಒಳಗೆ ಬರೆದಿದ್ದೀಯ. ಹೊರಗೆ ಇದನ್ನು ಬಿಡಿಸಿದ್ದೀಯ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ಕೆಲವು ತಿಂಗಳ ಹಿಂದೆ ನಮ್ಮಲ್ಲೂ ಇದು ನಡೆಯಿತು. ಪುಟ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ ಚಿತ್ರಕಾರರಿಗೆ ಹುಷಾರಿಲ್ಲ. ಒಂದು ಕಥೆಗೆ ಕಂಪ್ಯೂಟರಿನಿಂದಲೇ ಚಿತ್ರ ಮಾಡಿಸಿ ಹಾಕಿದೆವು. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ನಡೆಯುವ ಕಥೆ. ಚಿತ್ರದಲ್ಲಿ ಮಣೆ ಇತ್ತು, ಲಟ್ಟಣಿಗೆ ಇತ್ತು, ದುಂಡನೆಯ ಚಪಾತಿ ಇತ್ತು. ಕಥೆಯ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನ ಮೇಲೇ ಕಥೆ ನಿಂತಿತ್ತು. ವಿಜಯಪುರದಿಂದ ಓದುಗರೊಬ್ಬರು ಫೋನ್ ಮಾಡಿ, 'ಕಥಿ ನಮ್ದು, ಚಿತ್ರ ಯಾರ್ದ್ರೀ?' ಎಂದು ಕೇಳಿದರು. ತಪ್ಪು ನನ್ನದು. ಕಥೆ ಬರೆದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಹಾಗಂತ ಯಂತ್ರದಿಂದ ನಿನಗೇನೂ ಆಗುವುದಿಲ್ಲ ಎಂದು ಹೇಳಲಾರೆ. ಅದು ಸುಳ್ಳು ಸಮಾಧಾನ. ಮದುವೆ ಕಾರ್ಡು, ಅಂಗಡಿ ಲೋಗೋ, ಹಬ್ಬದ ಶುಭಾಶಯದ ಪೋಸ್ಟರು, ಇಂಥ ಚಿಕ್ಕ ಕೆಲಸಗಳಿಂದ ಮೊದಲ ದುಡ್ಡು ಕಾಣುತ್ತಿದ್ದ ಹುಡುಗ ಹುಡುಗಿಯರಿಗೆ ಆಗಲೇ ಪೆಟ್ಟು ಬಿದ್ದಿದೆ. ಒದ್ದೆ ಬಟ್ಟೆಯ ಚೂರನ್ನು ಯಂತ್ರ ನಾಳೆ ಕಲಿಯಲೂಬಹುದು. ಆದರೆ ಕಥೆಯಲ್ಲಿ ಯಾವ ಗಳಿಗೆಯನ್ನು ಚಿತ್ರ ಮಾಡಬೇಕು ಎಂದು ಯಾರಾದರೂ ಆರಿಸಬೇಕಲ್ಲ. ನೀನು ರೊಟ್ಟಿ ತಟ್ಟೆಗೆ ಬಿದ್ದದ್ದನ್ನು ಬರೆಯಲಿಲ್ಲ, ನೀರು ಸವರುವುದನ್ನು ಬರೆದೆ. ಸೆರಗು ಹಿಡಿದ ಕೈ ಬರೆದೆ. ಅದನ್ನು ನಿನಗೆ ಯಾರೂ ಹೇಳಿಕೊಟ್ಟಿಲ್ಲ, ಅಲ್ವಾ? ನಾನು ಹುಡುಕುವುದು ಆ ಆಯ್ಕೆಯನ್ನು.

ಈಗ ಮೇಷ್ಟ್ರ ಮಾತಿಗೆ ಬರೋಣ. ನಿನ್ನನ್ನು ಜಾಸ್ತಿ ಕುಗ್ಗಿಸಿದ್ದು ಅದೇ.

ನಮ್ಮ ಕಲಾ ಶಾಲೆಗಳಲ್ಲಿ ಈ ಮೇಲು ಕೀಳು ಬಹಳ ಹಳೆಯದು. ಪೇಂಟಿಂಗ್, ಶಿಲ್ಪ ಎಂದರೆ ಮೇಲಿನ ಪಂಕ್ತಿ. ಜಾಹೀರಾತು, ವಿನ್ಯಾಸದಂಥ ಅಪ್ಲೈಡ್ ಆರ್ಟ್ ಎಂದರೆ ಹೊಟ್ಟೆಪಾಡು. ಕಥೆಗೆ ಚಿತ್ರ ಬರೆಯುವುದು ಇನ್ನೂ ಕೆಳಗೆ. ಆದರೆ ನಿಮ್ಮ ಕಡೆಯವರೇ ಆದ ಎಸ್.ಎಂ. ಪಂಡಿತರನ್ನು ನೋಡು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರಿಗೆ ದೇವರ ಚಿತ್ರ ಬರೆದರು. ಗ್ಯಾಲರಿಯ ಮೆಟ್ಟಿಲು ಹತ್ತದ ಲಕ್ಷಾಂತರ ಜನ ಅವರ ಚಿತ್ರದ ಮುಂದೆ ಕೈಮುಗಿದು ದಿನ ಶುರು ಮಾಡಿದರು. 1942ರಲ್ಲಿ ಹಾಸ್ಯ ಲೇಖಕ ರಾಶಿಯವರು ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆಯುತ್ತಿದ್ದ ಮೈಸೂರಿನ ಹುಡುಗ ಮುಂದೆ ಇಡೀ ದೇಶ ಬಲ್ಲ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಆದರು. ಚಂದ್ರನಾಥ ಆಚಾರ್ಯರು ಪತ್ರಿಕೆಯಲ್ಲಿ ವರ್ಷಗಟ್ಟಲೆ ಕಥೆ ಕವಿತೆಗಳಿಗೆ ಚಿತ್ರ ಬರೆದವರು. ಅಚ್ಚು ಕೊರೆದು ಚಿತ್ರ ತೆಗೆಯುವ ಮುದ್ರಣ ಕಲೆಯಲ್ಲೂ ಅವರದು ದೊಡ್ಡ ಹೆಸರು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಮೇಷ್ಟ್ರು ಹೇಳಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರು ಸರಿಯಾಗಿಯೇ ಗುರುತಿಸಿದ್ದಾರೆ ಅನಿಸುತ್ತದೆ. ನಿನ್ನ ಚಿತ್ರ ನೋಡಿದರೆ ಅದರ ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ ಎಂದು ಕೇಳಬೇಕು ಅನಿಸುತ್ತದೆ. ಕಥೆಯ ಪಕ್ಕದಲ್ಲಿ ನಿಲ್ಲುವ ಚಿತ್ರ ಅದು. ಅವರು ಅದನ್ನು ಕೊರತೆ ಎಂದು ಹೇಳಿದರೋ, ಸುಮ್ನೆ ಕಂಡದ್ದು ಹೇಳಿದರೋ, ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೋಗಿ ಕೇಳು. 'ಸರ್, ಅವತ್ತು ಹಾಗಂದಿರಿ, ಬಿಡಿಸಿ ಹೇಳಿ' ಅನ್ನು. ಒಂದು ಸಾಲಿನ ಮಾತನ್ನು ಇಷ್ಟು ತಿಂಗಳು ಎದೆಯಲ್ಲಿಟ್ಟುಕೊಂಡು ಕೊರಗುವುದಕ್ಕಿಂತ ಹತ್ತು ನಿಮಿಷದ ಮಾತು ಒಳ್ಳೆಯದು. ನಿಮ್ಮ ಕಾಲೇಜಿನಲ್ಲಿ ಅಪ್ಲೈಡ್ ಆರ್ಟ್ ವಿಭಾಗವಿದ್ದರೆ ಅಲ್ಲಿಯ ಮೇಷ್ಟ್ರಿಗೂ ನಿನ್ನ ಸ್ಕೆಚ್ ಪುಸ್ತಕ ತೋರಿಸು.

ಅಪ್ಪನ ಬಗ್ಗೆ ಬರೆಯುವುದು ನನಗೂ ಕಷ್ಟ. ಬೋರ್ಡ್ ಬರೆಯುತ್ತಿದ್ದ ಕೈ ಗೋಡೆಗೆ ಸುಣ್ಣ ಹೊಡೆಯುವಾಗ ಏನನಿಸುತ್ತದೆ ಎಂಬುದು ಅವರಿಗೇ ಗೊತ್ತು. ಅವರ ಹೆದರಿಕೆ ನಿಜ. ಅವರ ಕಣ್ಣೆದುರೇ ಕೆಲಸ ಹೋಗಿದೆ. ನಿನ್ನ ಹೆದರಿಕೆಯೂ ಅಲ್ಲಿಂದಲೇ ಬಂದದ್ದು. ಅಪ್ಪನಿಗೆ ಫ್ಲೆಕ್ಸ್, ನನಗೆ ಈ ಯಂತ್ರ ಎಂದು ನೀನೇ ಬರೆದಿದ್ದೀಯಲ್ಲ.

ಒಂದು ಸಂಗತಿ ಹೇಳುತ್ತೇನೆ, ಅಪ್ಪನಿಗೂ ಓದಿ ಹೇಳು. ಹನೀಫ್ ಕುರೇಶಿ ಎಂಬ ಕಲಾವಿದರಿದ್ದರು, 2024ರಲ್ಲಿ ತೀರಿಕೊಂಡರು. ಗುಜರಾತಿನವರು, ಬರೋಡಾದಲ್ಲಿ ಕಲೆ ಓದಿದವರು. ಊರೂರಿನ ಬೋರ್ಡ್ ಪೇಂಟರುಗಳಿಂದ ಅವರವರ ಶೈಲಿಯಲ್ಲಿ ಅಕ್ಷರ ಬರೆಸಿ, ಅವನ್ನು ಕಂಪ್ಯೂಟರಿನ ಫಾಂಟ್ ಮಾಡುವ ಕೆಲಸ ಶುರು ಮಾಡಿದರು. ಆ ಫಾಂಟುಗಳಿಗೆ ಪೇಂಟರುಗಳ ಹೆಸರನ್ನೇ ಇಟ್ಟರು. ಇದರಿಂದ ಎಲ್ಲ ಪೇಂಟರುಗಳಿಗೆ ಕೆಲಸ ವಾಪಸ್ ಬಂತು ಎಂದಲ್ಲ. ಆದರೆ ಫ್ಲೆಕ್ಸ್ ಕಿತ್ತುಕೊಂಡದ್ದು ಬೋರ್ಡನ್ನು, ಅಕ್ಷರವನ್ನಲ್ಲ ಎಂಬುದು ಅಷ್ಟರಮಟ್ಟಿಗೆ ಕಂಡಿತು.

ಕನ್ನಡದಲ್ಲಂತೂ ಅಕ್ಷರದ ಕೆಲಸ ಬೆಟ್ಟದಷ್ಟು ಬಾಕಿ ಇದೆ. ಇಂಗ್ಲಿಷಿಗೆ ದೊಡ್ಡಕ್ಷರ ಚಿಕ್ಕಕ್ಷರ ಸೇರಿ 52 ಆಕಾರ. ನಮಗೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು. ಒಂದು ಕನ್ನಡ ಫಾಂಟ್ ಮಾಡುವುದೆಂದರೆ ಅಷ್ಟನ್ನೂ ಒಂದು ಹದಕ್ಕೆ ತರಬೇಕು. ಮುಂಬೈಯಲ್ಲಿ ಫಾಂಟ್ ಮಾಡುವ ಏಕ್ ಟೈಪ್ ಬಳಗದ 'ಬಾಲೂ ತಮ್ಮ' ಎಂಬ ಕನ್ನಡ ಫಾಂಟ್ ನೋಡು, ಉಚಿತವಾಗಿ ಸಿಗುತ್ತದೆ. ಒಂದೊಂದೇ ಒತ್ತಕ್ಷರ ದೊಡ್ಡದು ಮಾಡಿ ಅಪ್ಪನಿಗೆ ತೋರಿಸು. ಎಲ್ಲಿ ಚೆನ್ನಾಗಿದೆ, ಎಲ್ಲಿ ತಮ್ಮ ಕೈ ಬೇರೆ ಥರ ಹೋಗುತ್ತಿತ್ತು ಎಂದು ಅವರು ಹೇಳುತ್ತಾರೆ. ಅದನ್ನು ಬರೆದಿಟ್ಟುಕೋ. ಆ ಪಾಠ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ.

ಇನ್ನು ಎಫ್‌ಡಿಎ. ಆ ಪರೀಕ್ಷೆ ಬರೆಯುವುದು ಸೋಲು ಎಂದು ನಾನು ಅಂದುಕೊಂಡಿಲ್ಲ. ಆದರೆ ಅದಕ್ಕೆ ಪದವಿ ಬೇಕು ಮಗಳೇ. ಈಗ ಕಾಲೇಜು ಬಿಟ್ಟರೆ ಆ ಬಾಗಿಲೂ ಮುಚ್ಚುತ್ತದೆ. ಹೇಗೆ ನೋಡಿದರೂ ಡಿಗ್ರಿ ಮುಗಿಸು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೌಕರಿ ಮಾಡುತ್ತ ಚಿತ್ರ ಬರೆದರೆ ಪೂರ್ತಿ ಕಲಾವಿದೆ ಅನಿಸಿಕೊಳ್ಳುವುದಿಲ್ಲ ಎಂದು ಬರೆದಿದ್ದೀಯ. ಚೆನ್ನೈ ಹತ್ತಿರದ ಚೋಳಮಂಡಲ ಕಲಾಗ್ರಾಮದ ಕಥೆ ಕೇಳು. ಮದ್ರಾಸ್ ಕಲಾ ಕಾಲೇಜಿನ ಪ್ರಿನ್ಸಿಪಾಲ್ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಅದನ್ನು ಕಟ್ಟಿದರು. ಕಾಲೇಜು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಕುಂಚ ಬಿಡುತ್ತಾರಲ್ಲ ಎಂಬ ಚಿಂತೆಯೇ ಅದಕ್ಕೆ ಮೂಲ. ನಿನ್ನದೇ ಚಿಂತೆ. ಅವರು ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಬಟ್ಟೆ ಮಾಡಿದರು, ಕರಕುಶಲ ವಸ್ತು ಮಾಡಿದರು, ಮಾರಿದರು. ಆ ದುಡ್ಡಿನಿಂದ ಜಾಗ ತಗೊಂಡರು, ಮನೆ ಕಟ್ಟಿಕೊಂಡರು, ಉಳಿದ ಹೊತ್ತಿನಲ್ಲಿ ತಮ್ಮ ಚಿತ್ರ ಬರೆದರು. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಅವರಲ್ಲೊಬ್ಬರು. ಮುಂದೆ ಅವರು ಕನ್ನಡದ ಹೊಸ ಅಲೆಯ ಸಿನಿಮಾಗಳಿಗೆ ಕಲಾ ನಿರ್ದೇಶನವನ್ನೂ ಮಾಡಿದರು. ಬಾಟಿಕ್ ಮಾಡಿದ್ದರಿಂದ ಅವರು ಯಾರೂ ಅರ್ಧ ಕಲಾವಿದರಾಗಲಿಲ್ಲ.

ಹಾಗಾದರೆ ಉಳಿದ ಒಂದೂವರೆ ವರ್ಷ ಏನು ಮಾಡಬೇಕು?

ನಿನಗೆ ಗೊತ್ತಿರುವ ಒಂದೇ ಒಂದು ಕಥೆ ತಗೋ, ಅಜ್ಜಿ ಹೇಳಿದ್ದಾದರೂ ಸರಿ. ಅದಕ್ಕೆ ಎಂಟು ಚಿತ್ರ, ಒಂದು ಮುಖಪುಟ ಮಾಡು. ಕಥೆಯಲ್ಲೊಬ್ಬ ಹುಡುಗಿ ಇದ್ದರೆ ಎಂಟು ಚಿತ್ರದಲ್ಲೂ ಅದೇ ಹುಡುಗಿಯಾಗಿ ಕಾಣಬೇಕು, ಹಿಂದಿನಿಂದ, ಪಕ್ಕದಿಂದ, ಅಳುವಾಗ, ಓಡುವಾಗ. ಕಷ್ಟ ಇರುವುದು ಅಲ್ಲೇ. ಕಾಲೇಜಿನ ನೂರು ಅಭ್ಯಾಸಚಿತ್ರಗಳಿಗಿಂತ ಈ ಒಂಬತ್ತು ಹಾಳೆ ನಿನ್ನ ಪರವಾಗಿ ಚೆನ್ನಾಗಿ ಮಾತಾಡುತ್ತವೆ. ಮಕ್ಕಳ ಪುಸ್ತಕದವರು ಹುಡುಕುವುದು ಇದನ್ನೇ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ಮಾಡುತ್ತಿದೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಪುಸ್ತಕಗಳನ್ನೂ ಪುಕ್ಕಟೆ ಓದಬಹುದು. ದಿನಕ್ಕೆ ಎರಡು ಓದು. ಮಾತು ಹೇಳದೇ ಬಿಟ್ಟದ್ದನ್ನು ಚಿತ್ರ ಎಲ್ಲಿ ಹೇಳಿದೆ ಎಂದು ನೋಡು.

ಮುಂದೆ ಓದುವ ಮನಸ್ಸಿದ್ದರೆ ವಿನ್ಯಾಸದ ಸ್ನಾತಕೋತ್ತರ ಪ್ರವೇಶಕ್ಕೆ ಸೀಡ್ (CEED) ಪರೀಕ್ಷೆ ಇದೆ. ಐಐಟಿಗಳ ವಿನ್ಯಾಸ ವಿಭಾಗಗಳಿಗೆ ಅದರ ಮೂಲಕ ಹೋಗಬಹುದು. ದೃಶ್ಯಕಲಾ ಪದವಿಯವರೂ ಬರೆಯಬಹುದು, ಎಂಜಿನಿಯರಿಂಗೇ ಓದಿರಬೇಕು ಎಂದೇನಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿ ಕರೆದಾಗ ಬಿಡಬೇಡ.

ದುಡ್ಡಿನ ಮಾತೂ ನೇರವಾಗಿ ಹೇಳಬೇಕು. ನಮ್ಮಂಥ ಪತ್ರಿಕೆ ಒಂದು ಕಥೆಯ ಚಿತ್ರಕ್ಕೆ ಕೊಡುವುದರಿಂದ ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಕಟ್ಟಲಾಗುವುದಿಲ್ಲ. ಇಲ್ಲಿ ಹೆಸರಾಗುತ್ತದೆ, ಕೈ ಪಳಗುತ್ತದೆ. ಹೊಟ್ಟೆಗೆ ಪುಸ್ತಕ, ಅನಿಮೇಷನ್, ಜಾಹೀರಾತು, ಶಾಲೆಯ ಪಾಠ, ಏನಾದರೂ ಒಂದು ಜೊತೆಗಿರಬೇಕು. ಯಾರೇ ಕೆಲಸ ಕೊಟ್ಟರೂ ಮೊದಲೇ ಸಂಭಾವನೆ ಎಷ್ಟು ಎಂದು ಕೇಳು. ಎಷ್ಟು ಸಲ ತಿದ್ದಬೇಕು ಎಂದು ಕೇಳು. ಅರ್ಧ ಮುಂಗಡ ತಗೋ. ಹಕ್ಕಿನ ವಿಷಯ ಬರವಣಿಗೆಯಲ್ಲಿರಲಿ. ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಬಹಳ ಕಲಾವಿದರಿಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹೀಗೆಲ್ಲ ಕೇಳಿದರೆ ಸಂಪಾದಕರು ಸಿಟ್ಟಾಗುತ್ತಾರೆ ಎಂದು ಹೆದರಬೇಡ. ಕೇಳಿದವರ ಮೇಲೆ ನನಗೆ ಗೌರವ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಒಮ್ಮೆ ಹೊಸ ಚಿತ್ರಕಾರರೊಬ್ಬರಿಗೆ ಕಥೆ ಕಳಿಸಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. 'ಸರ್, ಅಜ್ಜನ ಬಗ್ಗೆ ಕಥೆಯಲ್ಲಿ ಎಲ್ಲೂ ಇಲ್ಲ. ಅಜ್ಜ ಇದ್ದಾರಾ? ಅಜ್ಜಿಯ ಕೈಗೆ ಬಳೆ ಬರೆಯಲಾ ಬೇಡವಾ?' ನಾನು ಕಥೆಯನ್ನು ಎರಡು ಸಲ ಓದಿದ್ದೆ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಲೇಖಕಿಯನ್ನು ಕೇಳಿದರೆ ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಿತ್ರ ಬರುವ ಮೊದಲೇ ಆ ಚಿತ್ರಕಾರರಿಗೆ ಮುಂದಿನ ಕಥೆಯನ್ನೂ ಕಳಿಸಿದೆ. ಸೆರಗು ಒಲೆಗೆ ತಾಗೀತು ಎಂದು ಯೋಚಿಸಿದ ನೀನೂ ಆ ಜಾತಿಯವಳೇ.

ಈ ಉತ್ತರದ ಜೊತೆ ನಿನ್ನ ವಿಳಾಸಕ್ಕೆ ಒಂದು ಕಥೆ ಕಳಿಸುತ್ತಿದ್ದೇನೆ. ನಾಲ್ಕು ಪುಟ. ಒಂದು ದೊಡ್ಡ ಚಿತ್ರ, ಒಂದು ಚಿಕ್ಕದು ಬೇಕು, ಕಪ್ಪು ಬಿಳುಪು. ಬರುವ ತಿಂಗಳ 10ರೊಳಗೆ ಸಿಗಬೇಕು. ಬಾಲ್ ಪೆನ್ನಿನಲ್ಲೇ ಬರೆದರೂ ಸರಿ. ಚೆನ್ನಾಗಿ ಬರದಿದ್ದರೆ ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಇನ್ನೊಮ್ಮೆ ಬರೆಯುವೆಯಂತೆ. ಸಂಭಾವನೆ ಎಷ್ಟು ಎಂಬುದು ಕಥೆಯ ಜೊತೆಗಿನ ಕಾಗದದಲ್ಲಿದೆ.

ಕಥೆಯ ಹೆಸರಿನಲ್ಲಿ ಮೂರು ಒತ್ತಕ್ಷರಗಳಿವೆ. ಅದನ್ನು ಅಪ್ಪನ ಕೈಯಲ್ಲಿ ಬರೆಸು, ಬ್ರಷ್ಷಿನಲ್ಲಿ. ಅವರ ಹೆಸರು ನಿನ್ನ ಹೆಸರಿನ ಪಕ್ಕದಲ್ಲೇ ಅಚ್ಚಾಗುತ್ತದೆ. ಅವರ ಸಂಭಾವನೆ ಬೇರೆ ಕಳಿಸುತ್ತೇವೆ.

ನಿನ್ನ,
ಸಂಪಾದಕ