ನಿಮ್ಮ ರಾಜಕುಮಾರ ಸ್ವಲ್ಪ ಕಾಯಲಿ

ನಮಸ್ಕಾರ,

ಚೀನಾದ ತಾಂಗ್ ವಂಶದ ಲೀ ಶಿಮಿನ್ ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ದಯವಿಟ್ಟು ಬಿಡಬೇಡಿ. ಸುಯಿ ಸಾಮ್ರಾಜ್ಯ ಕುಸಿದು ಸೀಮೆಗೊಬ್ಬ ರಾಜ ಎದ್ದಿದ್ದ ಕಾಲ ಅದು. 618ರಲ್ಲಿ ಅಪ್ಪ ಲೀ ಯುವಾನ್ ಚಕ್ರವರ್ತಿಯಾದಾಗ ಈ ಎರಡನೇ ಮಗನಿಗೆ ಇಪ್ಪತ್ತರ ಆಸುಪಾಸು. ಅಂಥ ಹುಡುಗನ ಕೈಗೆ ಸೈನ್ಯ ಬಂತು ಅಂದರೆ ಕಥೆ ಅಲ್ಲೇ ಶುರುವಾಯಿತು, ಅಲ್ವಾ?

ನಿಮ್ಮ ರಾಜಕುಮಾರ ಮಾತ್ರ ಪುಟಪುಟಕ್ಕೂ 'ಸಿಡಿಲಿನಂತೆ ಎರಗುತ್ತಾನೆ', ಗೆಲ್ಲುತ್ತಾನೆ, ಮುಂದಿನ ಊರಿಗೆ ಹೋಗುತ್ತಾನೆ. ನಿಜವಾದ ಲೀ ಶಿಮಿನ್ ಗೆದ್ದದ್ದು ಕಾದು ಕಾದು. 618ರ ಕೊನೆಯಲ್ಲಿ ಎದುರಾಳಿ ರಾಜ ಶುವೆ ರೆನ್‌ಗಾವ್ ಎದುರು ಅರವತ್ತಕ್ಕೂ ಹೆಚ್ಚು ದಿನ ಪಾಳೆಯ ಬಿಟ್ಟು ಹೊರಬರಲಿಲ್ಲ. ಯುದ್ಧದ ಮಾತೆತ್ತಿದವರ ತಲೆ ತೆಗೆಸುತ್ತೇನೆ ಎಂದು ತನ್ನವರನ್ನೇ ತಡೆದ. ಎದುರಾಳಿಯ ದವಸ ಖಾಲಿಯಾಗಿ, ಅವನ ಸರದಾರರು ಈ ಕಡೆ ಬರತೊಡಗಿದ ಮೇಲೆಯೇ ಹೊಡೆದ.

621ರ ಹುಲಾವ್ ಕಣಿವೆಯ ಯುದ್ಧಕ್ಕೆ ನೀವು ಕೊಟ್ಟಿರುವುದು ಒಂದೇ ಪ್ಯಾರಾ. ನನಗೆ ತುಂಬಾ ಬೇಸರವಾಗಿದ್ದು ಇಲ್ಲೇ. ತಾಂಗ್ ಸೈನ್ಯ ಇನ್ನೊಬ್ಬ ಎದುರಾಳಿಯ ಕೈಲಿದ್ದ ಲುವೊಯಾಂಗ್ ನಗರಕ್ಕೆ ಮುತ್ತಿಗೆ ಹಾಕಿತ್ತು. ಒಳಗಿದ್ದ ಜನ ಹುಲ್ಲಿನ ಬೇರು, ಮರದ ಎಲೆ ತಿಂದು ಮುಗಿಸಿ, ಕೊನೆಗೆ ತಿಳಿ ಕೆಸರಿಗೆ ನುಚ್ಚು ಬೆರೆಸಿ ರೊಟ್ಟಿ ತಟ್ಟಿದರು ಎನ್ನುತ್ತವೆ ಹಳೆಯ ದಾಖಲೆಗಳು. ಆ ರೊಟ್ಟಿ ನಿಮ್ಮ ಕಥೆಯಲ್ಲಿ ಯಾಕಿಲ್ಲ? ಲುವೊಯಾಂಗ್ ಉಳಿಸಲು ಮತ್ತೊಂದು ಸೀಮೆಯ ರಾಜ ದೋ ಜಿಯಾಂದೆ ದೊಡ್ಡ ದಂಡು ಕಟ್ಟಿಕೊಂಡು ಬಂದ. ಮುತ್ತಿಗೆ ಸಡಿಲಿಸದೆ, 3,500 ಜನರನ್ನಷ್ಟೇ ಕರೆದುಕೊಂಡು ಲೀ ಶಿಮಿನ್ ಕಣಿವೆಯ ಬಾಯಿಗೆ ಓಡಿದ. ಅಲ್ಲೂ ವಾರಗಟ್ಟಲೆ ಕಾದ. ಯುದ್ಧದ ದಿನ ಶತ್ರು ಸೈನ್ಯ ಬೆಳಿಗ್ಗೆಯಿಂದ ಸಾಲುಗಟ್ಟಿ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಹಸಿವು, ಬಾಯಾರಿಕೆ. ಕೆಲವರು ಕುಸಿದು ಕೂತರು, ಕೆಲವರು ನೀರಿಗೆ ನೂಕಾಡಿದರು. ಲೀ ಶಿಮಿನ್ ಮುನ್ನೂರು ಕುದುರೆ ಸವಾರರನ್ನು ಕಳಿಸಿ ನೋಡಿದ. ಸಾಲು ಅಲುಗಾಡಿತು. ಆಮೇಲೆ ನುಗ್ಗಿದ. ಈ ಮಧ್ಯಾಹ್ನ ಒಂದನ್ನೇ ಬಿಡಿಸಿ ಬರೆದರೂ ಕಥೆಗೆ ಸಾಕು.

ಇನ್ನೊಂದು ಮಾತು. 618ರ ಬೇಸಿಗೆಯಲ್ಲಿ ಅವನ ಸೈನ್ಯ ಶುವೆ ರೆನ್‌ಗಾವ್‌ನ ಅಪ್ಪ ಶುವೆ ಜೂ ಕೈಲಿ ಚೆನ್ನಾಗಿ ಪೆಟ್ಟು ತಿಂದಿತು. ನೀವು ಅದನ್ನು ಬಿಟ್ಟಿದ್ದೀರಿ. ರಾಜಕುಮಾರನಿಗೆ ಜ್ವರವಿತ್ತು, ತಪ್ಪೆಲ್ಲ ಲಿಯು ವೆನ್‌ಜಿಂಗ್ ಮತ್ತು ಇನ್ನೊಬ್ಬ ಸರದಾರನದು ಎಂದು ಆಸ್ಥಾನದ ಇತಿಹಾಸ ಹೇಳುತ್ತದೆ. ಲಿಯು ವೆನ್‌ಜಿಂಗ್‌ಗೆ ಮರುವರ್ಷವೇ ಮರಣದಂಡನೆ ಆಯಿತು, ಅವನು ಉತ್ತರ ಕೊಡುವ ಹಾಗಿರಲಿಲ್ಲ. 626ರಲ್ಲಿ ಲೀ ಶಿಮಿನ್ ಅಣ್ಣತಮ್ಮಂದಿರನ್ನು ಕೊಂದು ಪಟ್ಟಕ್ಕೆ ಬಂದ. ಆಸ್ಥಾನದ ದಾಖಲೆಗಳು ಸಿದ್ಧವಾದದ್ದು ಅವನ ಆಳ್ವಿಕೆಯಲ್ಲೇ, ಅವನ್ನು ತರಿಸಿ ಓದಿದವನೂ ಅವನೇ. ಅವನ ಪರಾಕ್ರಮದ ಮಾತುಗಳನ್ನೆಲ್ಲ ಸುಮ್ನೆ ನಂಬಿ ಬರೆಯಬೇಡಿ. ಆ ಅನುಮಾನ ಕಥೆಯೊಳಗೇ ಇರಲಿ.

ಹೆಸರುಗಳು ಜಾಸ್ತಿಯಾಗಿವೆ, ಅರ್ಧದಷ್ಟು ತೆಗೆಯಿರಿ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಭಾರತಕ್ಕೆ ಹೊರಟದ್ದು ಇದೇ ಲೀ ಶಿಮಿನ್ ಆಳ್ವಿಕೆಯಲ್ಲಿ. ಶುರುವಿನಲ್ಲೇ ಒಂದು ಸಾಲು ಹಾಗೆ ಹೇಳಿದರೆ ನಮ್ಮ ಓದುಗರಿಗೆ ಕಾಲ ಹಿಡಿಯಲು ಸುಲಭ.

ಹುಲಾವ್ ಭಾಗವನ್ನಷ್ಟೇ ಮೊದಲು ತಿದ್ದಿ ಕಳಿಸಿ. ಖಂಡಿತ ಓದುತ್ತೇನೆ.